ಹಾಕಿದವರೇ ತೆಗೆಯಬೇಕು

ನವೆಂಬರ್ 4, ಸೋಮವಾರ

ಪಾಪು ಹುಟ್ಟಿ ಎರಡು ತಿಂಗಳಾಯಿತು. ಅಂದಿನಿಂದ ನಿದ್ದೆ ಎನ್ನುವುದು ನನಗೆ ಚೂರುಪಾರಾಗಿಯೇ ಸಿಕ್ಕಿದೆ. ರಾತ್ರಿಯಿಡೀ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಟ, ಹಗಲಲ್ಲಿ ಕೂತಲ್ಲೇ ತೂಕಡಿಕೆ. ಇವತ್ತು ಮಧ್ಯಾಹ್ನ ಹಾಲು ಕುಡಿಸುತ್ತ ಮಂಚದ ಮೇಲೆ ಅಡ್ಡಾದವಳಿಗೆ ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ. ಪಾಪುವಿನ ಕಿರುಚಾಟಕ್ಕೆ ದಡಕ್ಕನೆ ಎದ್ದರೆ, ನಮ್ಮ ರೇಡಿಯೋ ಅವನ ಎರಡೂ ಕಾಲು ಹಿಡಿದು ಮಂಚದ ಅಂಚಿಗೆ ಎಳೆಯುತ್ತಿದ್ದಾಳೆ!

ಆಫ್ ಮಾಡಲು ಗುಂಡಿಯೇ ಇಲ್ಲವೆಂದು ಇವರು ಮಗಳಿಗೆ ಇಟ್ಟ ಹೆಸರು ರೇಡಿಯೋ. ಮೂರನೇ ಕ್ಲಾಸಿಗೆ ಬಂದಿದ್ದಾಳೆ, ಎಳೆಕೂಸನ್ನು ಗೊಂಬೆಯ ಹಾಗೆ ಎಳೆಯಬಾರದೆಂಬ ಬುದ್ಧಿ ಬೇಡವೇ? ಬೆನ್ನಿಗೆ ಒಂದು ಬಾರಿಸಿದೆ. "ಅಮ್ಮಾ, ಅದು ಏನಂದ್ರೆ..." ಎಂದು ಶುರು ಮಾಡಿದಳು.

"ಒಂದು ಮಾತೂ ಬೇಡ. ಈ ಮನೇಲಿ ನಿನ್ನ ಸ್ವರ ಕೇಳಿಸಬಾರದು. ನಾನು ಹೇಳೋವರೆಗೂ ಪಾಪು ಹತ್ರ ಬರಬೇಡ."

ಬಾಯಿ ಮುಚ್ಚಿಕೊಂಡಳು. ಅಳಲೂ ಇಲ್ಲ. ಪಾಪುವನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೇ ಅಳು ಬಂತು. ಬೆಳಗಾಗುವ ಹೊತ್ತಿಗೆ ಮರೆತಿರುತ್ತಾಳೆ. ಮಕ್ಕಳಿಗೆ ಇಂಥದ್ದೆಲ್ಲ ಎಲ್ಲಿ ನೆನಪಿರುತ್ತದೆ.

ನವೆಂಬರ್ 6, ಬುಧವಾರ

ಮನೆ ಎಷ್ಟು ತಣ್ಣಗಿದೆ! ಮಧ್ಯಾಹ್ನ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಟ್ಟೆ ತಾನೇ ಹಾಕಿಕೊಂಡು ಉಂಡಳು. ಇನ್ನಷ್ಟು ಬೇಕಾ ಎಂದರೆ ಬೇಡವೆಂದು ತಲೆ ಆಡಿಸಿದಳು. ಒಂದು ಏಟು ಕೊಟ್ಟಿದ್ದು ಒಳ್ಳೆಯದೇ ಆಯಿತೇನೋ.

ಸಂಜೆ ಪ್ರೆಸ್ಸಿನಿಂದ ಇವರು ಬಂದರು. ದಿನವಿಡೀ ಪ್ರಿಂಟಿಂಗ್ ಮೆಷಿನ್ನಿನ ಗದ್ದಲದಲ್ಲಿ ನಿಂತು ಬರುವವರು, ಮನೆಯಲ್ಲೂ ಗಟ್ಟಿಯಾಗಿಯೇ ಮಾತು. "ಏನೇ ಇದು, ರೇಡಿಯೋ ಬ್ಯಾಟರಿ ಹೋಗಿದ್ಯಾ?" ಎಂದು ಅವಳ ಕಿವಿ ತಿರುಪಿದರು. ಅವಳು ನಕ್ಕಳು. ನಗುವಿಗೆ ಸದ್ದಿರಲಿಲ್ಲ.

ನವೆಂಬರ್ 8, ಶುಕ್ರವಾರ

ಇವತ್ತು ಒಂದು ವಿಚಿತ್ರ ಕಂಡೆ.

ಪಾಪುವನ್ನು ತಟ್ಟುತ್ತ ಕಿಟಕಿಯ ಹತ್ತಿರ ನಿಂತಿದ್ದೆ. ರೇಡಿಯೋ ಶಾಲೆಯಿಂದ ಬರುತ್ತಿದ್ದಳು. ಮೇಲಿನ ಮನೆಯ ಟೈಲರ್ ಅಕ್ಕನ ಮಗ, ಅವಳ ಕ್ಲಾಸಿನವನೇ, ಜೊತೆಗಿದ್ದ. ಬೀದಿಯ ಆ ತುದಿಯಿಂದಲೇ ಅವಳ ಸ್ವರ. ಕೈ ಬೀಸಿ, ಕುಣಿದು, ಯಾರದೋ ನಡಿಗೆಯನ್ನು ಅಣಕಿಸಿ, ಆ ಹುಡುಗನನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದಳು. ಹಳೆಯ ರೇಡಿಯೋನೇ. ಮೆಟ್ಟಿಲು ಹತ್ತುವಾಗಲೂ ಮಾತು. ಬಾಗಿಲು ತೆರೆದೆ. ಅವಳ ಬಲಗಾಲು ಹೊಸ್ತಿಲು ದಾಟಿದ್ದೇ ತಡ, ವಾಕ್ಯ ಅರ್ಧಕ್ಕೇ ತುಂಡಾಯಿತು. ಬಾಯಿ ಮುಚ್ಚಿತು, ಮುಖದಿಂದ ಯಾರೋ ಒರೆಸಿ ತೆಗೆದಂತೆ ಎಲ್ಲ ಹೋಯಿತು. ನನ್ನನ್ನು ಬಳಸಿಕೊಂಡು, ಹೆಜ್ಜೆಯ ಸದ್ದಿಲ್ಲದೆ, ಗೋಡೆ ಸವರಿಕೊಂಡು ಒಳಗೆ ಹೋದಳು.

ಹೊರಗಿದ್ದದ್ದು ನನ್ನ ಮಗಳು. ಹಾಗಾದರೆ ಒಳಗೆ ಬಂದದ್ದು ಯಾರು?

ಇಂಥ ಯೋಚನೆ ನಿದ್ದೆಗೆಟ್ಟವರಿಗೆ ಬರುತ್ತದೆಂದು ನನಗೆ ಗೊತ್ತು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದ್ದೇನೆ. ಗೊತ್ತಿದ್ದರೆ ಬರುವುದು ನಿಲ್ಲುತ್ತದೆಯೇ?

ಮಧ್ಯಾಹ್ನ ಮತ್ತೆ ಹಾಲು ಕುಡಿಸುತ್ತ ಕಣ್ಣು ಹತ್ತುವುದರಲ್ಲಿತ್ತು, ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಠಣ್ಣನೆ ಬಿತ್ತು. ಹೋಗಿ ನೋಡಿದರೆ ನೆಲದ ಮೇಲೆ ಲೋಟ, ಯಾರೂ ಇಲ್ಲ.

ನವೆಂಬರ್ 11, ಸೋಮವಾರ

ಈಗ ಅರ್ಥವಾಯಿತು! ಎಲ್ಲ ಆ ಶಾಲೆಯ ಕರಾಮತ್ತು.

ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಟೈಲರ್ ಅಕ್ಕ ಕಾಜಾ ಹೊಲಿಯುತ್ತ ಕೂತಿದ್ದರು. ನಿಮ್ಮ ಮಗನೂ ಮನೆಯಲ್ಲಿ ಸುಮ್ಮನಿರುತ್ತಾನಾ ಎಂದು ಕೇಳಿದೆ.

"ಅವನಾ? ಸುಮ್ನಿರು ಅಂತ ಕೂಗಿ ಕೂಗಿ ನಂದೇ ಗಂಟಲು ಬಿದ್ದೋಗಿದೆ. ಕ್ಲಾಸಲ್ಲಿ ಮಾತ್ರ ಸುಮ್ನಿರ್ತಾನಂತೆ, ಬೀಗ ಹಾಕ್ತಾರಲ್ಲ."

"ಬೀಗಾನಾ?"

"ಬಾಯಿಗೆ ಕಣಮ್ಮ! ನಿಜವಾದ್ದಲ್ಲ, ಹೀಗೆ." ಸೂಜಿ ಹಿಡಿದ ಬೆರಳನ್ನೇ ತುಟಿಯ ಮೇಲೆ ಕೀಲಿಯಂತೆ ತಿರುಗಿಸಿ ತೋರಿಸಿದರು. "ತಪ್ಪು ಮಾಡಿದ ಮಗು ಬಾಯಿ ಬಿಡೋ ಹಾಗಿಲ್ಲ, ಮಿಸ್ಸು ತೆಗೆಯೋವರೆಗೂ. ನಮ್ಮನೆಯವರಿಗೂ ಒಂದು ಹಾಕ್ಸೋಣ ಅಂತಿದ್ದೀನಿ."

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಮಾತೇ ಉಸಿರಾಗಿರುವ ಮಗುವಿನ ಬಾಯಿಗೆ ಬೀಗ! ಹೊಡೆದರೆ ಬಾಸುಂಡೆಯಾದರೂ ಕಾಣುತ್ತದೆ. ಇದು ಒಳಗೇ ಕೊಳೆಯುತ್ತದೆ. ಯಾವ ತಪ್ಪಿಗೆ ಯಾರು ಅವಳನ್ನು ಹೀಗೆ ಮಾಡಿದರೋ. ಎದುರಿಗೆ ಕೂರಿಸಿಕೊಂಡು, "ಮಿಸ್ ನಿಂಗೆ ಬೀಗ ಹಾಕಿದ್ರಾ?" ಎಂದು ಮೆತ್ತಗೆ ಕೇಳಿದೆ. ಇಲ್ಲವೆಂದು ತಲೆ ಆಡಿಸಿದಳು. "ಮತ್ತೆ ಯಾಕೆ ಮಾತಾಡಲ್ಲ?" ನನ್ನನ್ನೇ ದಿಟ್ಟಿಸಿದಳು. ಏನನ್ನೋ ಕಾಯುವವಳ ಹಾಗೆ ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಪಾಪು ಎದ್ದ.

ಇವರಿಗೆ ಹೇಳಿದರೆ, "ನಿನ್ನೆ ಅಂಗಡಿಗೆ ಕರ್ಕೊಂಡು ಹೋಗಿದ್ದೆನಲ್ಲ, ದಾರಿಯುದ್ದಕ್ಕೂ ನನ್ನ ತಲೆ ತಿಂದ್ಲು. ಮನೇಲಿ ಯಾಕೆ ಮಾತಿಲ್ಲ ಅಂದ್ರೆ, ಮಾತಾಡೋ ಹಾಗಿಲ್ಲ ಅಂದ್ಲು. ಪಾಪು ಮಲಗಿರುತ್ತಲ್ಲ, ಎಷ್ಟು ಬುದ್ಧಿ ನೋಡು" ಎಂದು ಹೆಮ್ಮೆಪಟ್ಟರು. ಇವರಿಗೆ ಎಲ್ಲವೂ ಸಲೀಸು.

ನವೆಂಬರ್ 12, ಮಂಗಳವಾರ

ಅವಳು ನನ್ನನ್ನು ನೋಡುತ್ತಾಳೆ.

ಕೋಣೆಯ ಹೊಸ್ತಿಲಾಚೆ ನಿಲ್ಲುತ್ತಾಳೆ, ಒಳಗೆ ಬರುವುದಿಲ್ಲ. ಪಾಪುವನ್ನು ಮಗ್ಗುಲಿಗೆ ಹಾಕಿಕೊಂಡು ರೆಪ್ಪೆ ಎಳೆಯುವ ಹೊತ್ತಿಗೆ ಬಾಗಿಲಲ್ಲಿ ಬೆಳಕು ಕಡಿಮೆಯಾದಂತೆ ಅನಿಸುತ್ತದೆ. ಕಣ್ಣು ಬಿಟ್ಟರೆ ಅಲ್ಲಿ ಅವಳು. ಯೂನಿಫಾರ್ಮ್ ಕೂಡ ಬಿಚ್ಚಿರುವುದಿಲ್ಲ. ನೋಟ ನನ್ನ ಮುಖದ ಮೇಲಲ್ಲ, ಕೈಗಳ ಮೇಲೆ. "ಏನೇ?" ಎಂದರೆ ಇಲ್ಲವಾಗುತ್ತಾಳೆ.

ಮತ್ತೆ ಕಣ್ಣು ಮುಚ್ಚಿದರೆ ಸದ್ದು. ಮೊದಲು ಲೋಟ. ಆಮೇಲೆ ಬಚ್ಚಲಲ್ಲಿ ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದು. ಆಮೇಲೆ ಗೋಡೆಯ ಮೇಲೆ ಟಕ್, ಟಕ್. ನನಗೆ ನಿದ್ದೆ ಬರುವುದನ್ನೇ ಕಾದಿದ್ದು, ಬಂತೆಂದ ಕೂಡಲೇ ಕಿತ್ತುಕೊಳ್ಳುವ ಏನೋ ಒಂದು ಈ ಮನೆಯಲ್ಲಿ ಸೇರಿಕೊಂಡಿದೆ ಎಂದೇ ಅಂದುಕೊಂಡಿದ್ದೆ. ಇವತ್ತು ಬೇಕೆಂದೇ ಸುಳ್ಳು ನಿದ್ದೆ ಮಾಡಿ, ರೆಪ್ಪೆಯ ಸಂದಿಯಿಂದ ನೋಡಿದೆ. ಅವಳೇ. ಸ್ಕೇಲು ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದಳು. ನಾನು ಅಲುಗಾಡಿದ ತಕ್ಷಣ ನಿಲ್ಲಿಸಿದಳು.

ಹೆತ್ತ ತಾಯಿ ಬರೆಯಬಾರದ್ದನ್ನು ಬರೆಯುತ್ತಿದ್ದೇನೆ. ನನಗೆ ಅವಳ ಭಯವಾಗುತ್ತಿದೆ. ಆ ಏಟಿನ ಸೇಡು ತೀರಿಸಿಕೊಳ್ಳುತ್ತಿದ್ದಾಳಾ? ನನ್ನ ಮೇಲೋ, ಪಾಪುವಿನ ಮೇಲೋ? ನಾನು ನಿಜವಾಗಿ ಮಲಗಿದರೆ ಅವನನ್ನು ಏನು ಮಾಡುತ್ತಾಳೆ? ಅವತ್ತು ಎಳೆದಳಲ್ಲ.

ನವೆಂಬರ್ 13, ಬುಧವಾರ

ಮಧ್ಯಾಹ್ನ ಕೋಣೆಯ ಚಿಲಕ ಹಾಕಿಕೊಂಡು ಮಲಗಿದೆ.

ಎಂಥ ನಿದ್ದೆ! ಬಾವಿಗೆ ಕಲ್ಲು ಹಾಕಿದಂತೆ ಮುಳುಗಿದೆ. ಎಷ್ಟೋ ದೂರದಲ್ಲಿ ಯಾರೋ ಏನನ್ನೋ ಕುಟ್ಟುತ್ತಿದ್ದರು. ಕುಟ್ಟಲಿ ಎಂದುಕೊಂಡೆ. ನಿಲ್ಲಲಿಲ್ಲ, ಹತ್ತಿರ ಹತ್ತಿರ ಬಂತು, ಕೊನೆಗೆ ತಲೆಯೊಳಗೇ ಕುಟ್ಟತೊಡಗಿತು. ಎದ್ದೆ. ಬಾಗಿಲು ಕಿತ್ತು ಬರುವ ಹಾಗೆ ಬಡಿತ, ಆದರೆ ಒಂದು ಮಾತಿಲ್ಲ, ಒಂದು ಕೂಗಿಲ್ಲ. ಬರೀ ಬಡಿತ.

ಪಾಪು ನನ್ನ ತೋಳಿನ ಕೆಳಗೆ ಸರಿದುಹೋಗಿದ್ದ. ಕೈ ತೆಗೆದಾಗ ಮುಖವೆಲ್ಲ ಬೆವರು, ತುಟಿಯ ಬಣ್ಣ ಒಂಥರಾ ಇತ್ತು. ಎತ್ತಿ ತಟ್ಟಿದ ಮೇಲೆ ಉಸಿರೆಳೆದುಕೊಂಡು ಅತ್ತ. ಕಿಟಕಿ ಮುಚ್ಚಿತ್ತು, ಸೆಕೆಗಿರಬೇಕು.

ಚಿಲಕ ತೆಗೆದೆ. ಅವಳ ಎರಡೂ ಅಂಗೈ ಕೆಂಪಗಾಗಿದ್ದವು. ಕೆನ್ನೆಯ ಮೇಲೆ ನೀರು. "ನಿಂಗೇನು ಹುಚ್ಚಾ? ನಾನು ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ನಿಂಗೆ ಸಹಿಸಲ್ವಾ?" ಎಂದು ಕೂಗಿದೆ. ನನ್ನ ಮುಖ ನೋಡಲಿಲ್ಲ. ನನ್ನ ತೋಳಲ್ಲಿದ್ದ ಪಾಪುವಿನ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡಿದಳು. ಹಾಗೇ ಗೋಡೆಗೊರಗಿ ನೆಲದ ಮೇಲೆ ಕುಸಿದಳು.

ಆ ನೋಟ ನನಗೆ ಹಿಡಿಸಲಿಲ್ಲ. ಶಾಲೆಗೆ ಹೋಗಿ ಆ ಮಿಸ್ಸನ್ನು ವಿಚಾರಿಸದೆ ಬಿಡುವುದಿಲ್ಲ.

ನವೆಂಬರ್ 15, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಪಾಪುವನ್ನು ಶಾಲಿನಲ್ಲಿ ಸುತ್ತಿಕೊಂಡು ಶಾಲೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಲ್ಯದ ಆಘಾತ, ದಮನ, ಕಾಲೇಜಿನಲ್ಲಿ ಓದಿದ್ದೆಲ್ಲ. ಕಾರಿಡಾರಿನಲ್ಲೇ ನನ್ನ ರೇಡಿಯೋ ಯಾವುದೋ ಪದ್ಯವನ್ನು ಗಂಟಲು ಹರಿಯುವಂತೆ ಹೇಳುವುದು ಕೇಳಿಸಿತು. ಮಿಸ್ ನನಗಿಂತ ಚಿಕ್ಕವರು, ತೋಳಿನ ತುಂಬ ಸೀಮೆಸುಣ್ಣದ ಪುಡಿ.

"ನಿಮ್ಮ ಬೀಗದಿಂದ ನನ್ನ ಮಗಳು ಮನೇಲಿ ಮೂಕಿಯಾಗಿದ್ದಾಳೆ" ಅಂದೆ.

"ಇವಳಾ ಮೇಡಂ? ಇವಳು ಮೂಕಿನಾ?" ಅವರು ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಈಚೆಗೆ ನಾನು ಇವಳಿಗೆ ಬೀಗಾನೇ ಹಾಕಿಲ್ಲ. ಬೇಕಾದ್ರೆ ಮಕ್ಕಳನ್ನೇ ಕೇಳಿ. ನಾನಿದ್ರೆ ಹೆದರಿಕೊಂಡು ಹೇಳ್ತಾರೆ ಅನ್ಸಿದ್ರೆ ಹೊರಗೆ ನಿಲ್ತೀನಿ." ಹಾಗೆ ಹೇಳಿ ನಿಜವಾಗಿಯೂ ಹೊರಗೆ ಹೋಗಿ ನಿಂತರು.

ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ಮಗಳು ಮಾತ್ರ ಡೆಸ್ಕು ನೋಡುತ್ತಿದ್ದಳು. "ಬೀಗ ಹಾಕಿದ್ರೆ ನಿಮಗೆ ಬೇಜಾರಾಗಲ್ವಾ ಮಕ್ಕಳೇ?" ಎಂದು ಕೇಳಿದೆ.

"ಆಗುತ್ತೆ ಆಂಟಿ. ಆದ್ರೆ ಮಿಸ್ ಮೊದ್ಲು ಏನಾಯ್ತು ಅಂತ ಕೇಳ್ತಾರೆ. ಪೂರ್ತಿ ಹೇಳೋವರೆಗೂ ಹಾಕಲ್ಲ."

"ಹಳೇ ಮಿಸ್ ಕೇಳ್ತಾನೇ ಇರ್ಲಿಲ್ಲ. ಹಿಂದಿನ ಬೆಂಚಲ್ಲಿ ಸದ್ದಾದ್ರೆ ಇವನಿಗೇ ಏಟು." ಇನ್ನೊಬ್ಬ ಪಕ್ಕದವನನ್ನು ತೋರಿಸಿದ.

"ಹೂಂ ಆಂಟಿ," ಎಂದ ಟೈಲರ್ ಅಕ್ಕನ ಮಗ, ದೊಡ್ಡ ಪದಕ ಬಂದವನ ಹಾಗೆ ಎದ್ದು ನಿಂತು. "ನಾನು ಆಬ್ಸೆಂಟ್ ಆಗಿದ್ದಾಗ್ಲೂ ನನ್ನ ಹೆಸರೇ ಕೂಗಿದ್ರು."

ಎಲ್ಲರೂ ಗೊಳ್ಳೆಂದರು. ಒಬ್ಬೊಬ್ಬರೇ ಮೇಲೆ ಬಿದ್ದು ಹೇಳತೊಡಗಿದರು. ಒಂದು ಸಲ ಮಿಸ್ಸೇ ತಪ್ಪಾಗಿ ಒಬ್ಬಳನ್ನು ಬೈದಿದ್ದರಂತೆ, ಮಕ್ಕಳೇ ಮಿಸ್ಸಿಗೆ ಬೀಗ ಹಾಕಿದ್ದರಂತೆ, ಅವರು ಆ ಪೀರಿಯಡ್ ಪೂರ್ತಿ ಮಾತಿಲ್ಲದೆ ಬೋರ್ಡಿನ ಮೇಲೆ ಬರೆದೇ ಲೆಕ್ಕ ಕಲಿಸಿದರಂತೆ. ಬೀಗ ತೆಗೆದು "ಮುಗೀತು" ಎಂದ ಮೇಲೆ ಆ ವಿಷಯವನ್ನು ಯಾರೂ ಎತ್ತುವ ಹಾಗಿಲ್ಲವಂತೆ. ಎತ್ತಿದರೆ ಎತ್ತಿದವರಿಗೆ ಬೀಗ.

ಅಷ್ಟರಲ್ಲಿ ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಕೈ ಎತ್ತಿದಳು. "ಆಂಟಿ, ನೀವು ಯಾವಾಗ ತೆಗೀತೀರಾ?"

"ಏನನ್ನ?"

"ಇವಳ ಮನೆ ಬೀಗ."

ನಾನು ಮಗಳ ಕಡೆ ತಿರುಗಿದೆ. ಕನ್ನಡಕದವಳು ಬಿಡಲಿಲ್ಲ.

"ಎಷ್ಟು ದಿನ ಆಯ್ತು ಆಂಟಿ! ಅಷ್ಟೊಂದು ದಿನ ಹಾಕೋದು ಮೋಸ. ನಾವು ತೆಗೀತೀವಿ ಬಾರೇ ಅಂದ್ವಿ, ಹಾಕಿದವರೇ ತೆಗೀಬೇಕು ಅಂತ ಒಪ್ಪಲಿಲ್ಲ. ಏನು ತಪ್ಪು ಮಾಡಿದೆ ಅಂದ್ರೆ ಅದನ್ನೂ ಹೇಳ್ಲಿಲ್ಲ. ಮೊದ್ಲು ಅಮ್ಮಂಗೇ ಹೇಳ್ಬೇಕಂತೆ. ನೀವು ಕೇಳೇ ಇಲ್ವಂತೆ."

ಮಿಸ್ ಒಳಗೆ ಬಂದು ನನಗೆ ಕುರ್ಚಿ ಹಾಕಿದ್ದಷ್ಟೇ ನೆನಪಿದೆ.

ಮನೆಗೆ ಬಂದೆವು. ಹೊಸ್ತಿಲ ಹತ್ತಿರ ಅವಳನ್ನು ತಡೆದು, ತುಟಿಯ ಮುಂದೆ ಬೆರಳು ತಿರುಗಿಸಿ, "ಮುಗೀತು ಪುಟ್ಟಿ" ಅಂದೆ. ಅವಳು ಅಲ್ಲಾಡಲಿಲ್ಲ. ಕಾದಳು. ಸೋಮವಾರ ನನ್ನನ್ನು ದಿಟ್ಟಿಸಿದ್ದಳಲ್ಲ, ಅದೇ ನೋಟ. ಆಗ ನನಗೆ ಹೊಳೆಯಿತು.

"ಅವತ್ತು ಏನಾಯ್ತು?" ಎಂದು ಕೇಳಿದೆ.

ಬಾಗಿಲಲ್ಲೇ ನಿಂತು ಹೇಳಿದಳು. ಪಾಠ ಒಪ್ಪಿಸುವ ಹಾಗೆ, ಒಂದು ಮಾತೂ ತಡವರಿಸದೆ. ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದಳೋ.

"ನಿನ್ನ ಕೈ ಪಾಪು ಮುಖದ ಮೇಲಿತ್ತು. ಪಾಪು ಕಾಲು ಆಡಿಸ್ತಿತ್ತು. ಆಟ ಅಂದ್ಕೊಂಡೆ. ಆಮೇಲೆ ಆಡಿಸೋದು ನಿಲ್ಸಿತು. ಅಮ್ಮಾ ಅಂದೆ, ಏಳ್ಲಿಲ್ಲ. ಜೋರಾಗಿ ಅಂದೆ, ಆಗ್ಲೂ ಏಳ್ಲಿಲ್ಲ. ನಿನ್ನ ಕೈ ಎತ್ತೋಕೆ ಹೋದೆ, ಭಾರ. ಅದಕ್ಕೇ ಕಾಲು ಹಿಡ್ಕೊಂಡು ಎಳೆದೆ. ಆಮೇಲೆ ಪಾಪು ಅಳ್ತು."

ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಪಾಪುವನ್ನು ಹಿಡಿದಿದ್ದ ನನ್ನ ಕೈಗಳನ್ನು ನೋಡಿಕೊಂಡೆ. ಅವು ನನ್ನವಲ್ಲ ಅನಿಸಿತು.

"ಲೋಟ ಬೀಳಿಸಿದ್ದು?"

"ನಾನೇ. ನೀನು ಕಣ್ಣು ಮುಚ್ಚಿದಾಗೆಲ್ಲ. ಕೂಗೋ ಹಾಗಿರ್ಲಿಲ್ವಲ್ಲ. ಹತ್ರ ಬರೋ ಹಾಗೂ ಇರ್ಲಿಲ್ಲ." ಕೋಣೆಯ ಬಾಗಿಲ ಕಡೆ ನೋಡಿ ಹೇಳಿದಳು, "ಚಿಲಕ ಹಾಕ್ಬಾರ್ದಿತ್ತಮ್ಮ ನೀನು."

ಆ ಬುಧವಾರ ಸೆಕೆಯೆಂದು ಬರೆದಿದ್ದೇನೆ. ಈಗ ತಿರುವಿ ಓದಿದೆ. ಆ ಸಾಲನ್ನು ಹೊಡೆದು ಹಾಕಲು ಹೋಗಿ ಬಿಟ್ಟೆ. ಇರಲಿ.

ಅಳುತ್ತಲೇ, "ನಂದು ಎಂಥ ತಪ್ಪು ಪುಟ್ಟಿ, ಎಂಥ ತಪ್ಪು" ಎನ್ನುತ್ತಿದ್ದೆ. ಅವಳು ಹುಬ್ಬು ಗಂಟು ಹಾಕಿಕೊಂಡು ಯೋಚಿಸಿದಳು. ಮಿಸ್ಸಿನ ಗತ್ತು ಬಂದಿತ್ತು.

"ನಿದ್ದೇಲಿ ಮಾಡಿದ್ದು ತಪ್ಪಲ್ಲ. ನಮ್ ಕ್ಲಾಸಲ್ಲಿ ಒಬ್ಳು ನಿದ್ದೇಲಿ ಪಕ್ಕದವಳ ಡ್ರಾಯಿಂಗ್ ಮೇಲೆ ಜೊಲ್ಲು ಸುರಿಸಿದ್ಲು, ಬೀಗ ಹಾಕ್ಲಿಲ್ಲ. ಕೇಳದೇ ಇದ್ದಿದ್ದು ತಪ್ಪು."

"ಹಾಗಾದ್ರೆ ನಂಗೆ ಹಾಕು."

ನಿಜವಾಗಿಯೂ ಹಾಕಬಹುದೇ ಎಂದು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಪುಟ್ಟ ತಣ್ಣನೆಯ ಬೆರಳುಗಳು ನನ್ನ ತುಟಿಯ ಮೇಲೆ ತಿರುಗಿದವು.

ಸಂಜೆ ಇವರು ಬಂದರು. ಊದಿಕೊಂಡ ನನ್ನ ಕಣ್ಣು ನೋಡಿ, "ಏನಾಯ್ತೇ? ಮಾತಾಡೇ!" ಎಂದು ಗಾಬರಿಯಾದರು. ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ನನಗೆ ಬಿಟ್ಟಿದ್ದರೆ ಮೆತ್ತಗೆ ಮಾಡಿ ಹೇಳುತ್ತಿದ್ದೆ. ಸ್ವಲ್ಪ ಕಣ್ಣು ಹತ್ತಿತ್ತು, ದೇವರ ದಯೆ, ಏನೂ ಆಗಲಿಲ್ಲ ಎನ್ನುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ. ಕೈ, ಕಾಲು, ಎಳೆದದ್ದು, ಏಟು, ಚಿಲಕ, ಎಲ್ಲವನ್ನೂ ಇದ್ದದ್ದು ಇದ್ದಂತೆ ಅಪ್ಪನ ಮುಂದಿಟ್ಟಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇವರ ಮುಖ ಬಿಳಿಚಿಕೊಳ್ಳುತ್ತ ಹೋಯಿತು. ಮಸಿ ಹತ್ತಿದ ಕೈಯಲ್ಲೇ ಪಾಪುವನ್ನು ನನ್ನ ಮಡಿಲಿಂದ ಎತ್ತಿಕೊಂಡರು. ಆ ಎತ್ತಿಕೊಂಡ ರಭಸ ನನಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡು ಸಹಿಸಿದೆ.

"ನೀನು, ನೀನು ಇಷ್ಟು ದಿನ..." ಎಂದು ಇವರು ನನ್ನ ಕಡೆ ತಿರುಗಿದರು.

ಅವಳು ಓಡಿ ಬಂದು ನನ್ನ ತುಟಿಯ ಮುಂದೆ ಬೆರಳು ತಿರುಗಿಸಿದಳು. "ಮುಗೀತು! ಅಪ್ಪಾ, ಮುಗೀತು. ಇನ್ನು ನೀನು ಆ ಮಾತು ಎತ್ತೋ ಹಾಗಿಲ್ಲ."

ಇವರು ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಪಕ್ಕ ಬಂದು ಕೂತರು.

ನವೆಂಬರ್ 16, ಶನಿವಾರ

ಮಲಗಿದ್ದೆ. ಅಷ್ಟೇ.

ನವೆಂಬರ್ 19, ಮಂಗಳವಾರ

ಇವರು ಪ್ರೆಸ್ಸಿನಲ್ಲಿ ಕೇಳಿಕೊಂಡು ಸಂಜೆ ಪಾಳಿಗೆ ಬದಲಾಯಿಸಿಕೊಂಡರು. ಬೆಳಗಿನ ಹೊತ್ತು ಪಾಪು ಇವರ ಹತ್ತಿರ, ನಾನು ಬೇರೆ ಕೋಣೆಯಲ್ಲಿ ಮಲಗುತ್ತೇನೆ. ಪಾಪುವಿಗೆ ತೊಟ್ಟಿಲು ಬಂದಿದೆ. ಹಾಲು ಕುಡಿಸುವುದು ಇನ್ನು ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಡಾಕ್ಟರಮ್ಮ ಪಾಪುವನ್ನು ತಿರುವಿ ಮುರುವಿ ನೋಡಿ ಚೆನ್ನಾಗಿದ್ದಾನೆ ಎಂದರು, ಆಮೇಲೆ ನನ್ನನ್ನು ಪಾಪುವಿಗಿಂತ ಹೆಚ್ಚು ಹೊತ್ತು ನೋಡಿದರು. ಇನ್ನೊಂದು ಸಲ ಬರಲು ಹೇಳಿದ್ದಾರೆ, ನನ್ನ ಸಲುವಾಗಿ.

ಇವತ್ತು ಮಧ್ಯಾಹ್ನ ಎಲ್ಲವೂ ಹಿಂದಿನಂತೆ ಇದೆ. ಇವರು ಈಗತಾನೆ ಕೆಲಸಕ್ಕೆ ಹೋದರು. ತೊಟ್ಟಿಲಲ್ಲಿ ಪಾಪು ಮಲಗಿದ್ದಾನೆ. ಎದುರಿಗೆ ನೆಲದ ಮೇಲೆ ಬಣ್ಣದ ಪೆನ್ಸಿಲು ಹರಡಿಕೊಂಡು ರೇಡಿಯೋ ಕೂತಿದ್ದಾಳೆ, ಕ್ಲಾಸಿನ ಕಥೆ ಒಂದೇ ಸಮನೆ ಹರಿಯುತ್ತಿದೆ. ಟೈಲರ್ ಅಕ್ಕನ ಮಗ ಪೆನ್ಸಿಲ್ ಕೆತ್ತಲು ಹೋಗಿ ಬೆಂಚು ಕೆತ್ತಿದನಂತೆ. ಕನ್ನಡಕದವಳು ಅವನ ಪರವಾಗಿ ವಾದ ಮಾಡಿದಳಂತೆ. ನಾನು ಹೂಂ ಹೂಂ ಎನ್ನುತ್ತ ಇದನ್ನು ಬರೆಯುತ್ತಿದ್ದೇನೆ. ಮನೆಯ ತುಂಬ ಮತ್ತೆ ಗಲಾಟೆ. ಎಷ್ಟು ಹಿತವಾಗಿದೆ.

ಈಗ ಒಂದು ಕ್ಷಣ, ಸುಮ್ಮನೆ, ಕಣ್ಣು ಮುಚ್ಚಿದೆ.

ಮಾತು ನಿಂತಿತು. ಪೆನ್ಸಿಲ್ಲಿನ ಸರಸರವೂ ನಿಂತಿತು. ಉಸಿರಿನ ಸದ್ದು ಕೂಡ ಇಲ್ಲ.

"ಎಚ್ಚರವಾಗೇ ಇದ್ದೀನಿ ಪುಟ್ಟಿ" ಅಂದೆ.

ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮಾತು ಮುಂದುವರಿಯಿತು.